ಫರ್ಸಿ ಕಲ್ಲು ಮತ್ತು ಮಾತಾಡುವ ಡಬ್ಬಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಫೋನಿನಿಂದ ಎಷ್ಟು ಹಣ ಬಂತು ಎಂಬುದನ್ನು ನನ್ನ ತಲೆಯ ಮೇಲಿನ ಬೇವಿನ ಮರದ ತುದಿಗೂ ಕೇಳುವಂತೆ ಸಾರುವ ಈ ಡಬ್ಬಿಯನ್ನು ನಾನು ಆರಿಸಿದ್ದು ಅದರ ಕನ್ನಡಕ್ಕೆ ಮರುಳಾಗಿ. ವ್ಯವಹಾರ ಬಲ್ಲವರು ಇಂಥದನ್ನು ತೆಗೆದುಕೊಳ್ಳುವಾಗ ತಿಂಗಳ ಬಾಡಿಗೆ ಎಷ್ಟು, ಹಣ ಬ್ಯಾಂಕಿಗೆ ಸೇರಲು ಎಷ್ಟು ಹೊತ್ತು, ಕೆಟ್ಟರೆ ಯಾರು ಬರುತ್ತಾರೆ ಎಂದೆಲ್ಲ ಕೇಳುತ್ತಾರೆ. ನಾನೂ ಕೇಳಿದೆ, ಉತ್ತರಗಳನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಡಬ್ಬಿ ‘ಸ್ವೀಕರಿಸಲಾಗಿದೆ, ಧನ್ಯವಾದಗಳು’ ಎಂದು ಒಂದೊಂದು ಅಕ್ಷರವನ್ನೂ ತೊಳೆದಿಟ್ಟಂತೆ ಹೇಳಿದ ಕೂಡಲೇ ನನ್ನ ಬುದ್ಧಿ ಕೈಕೊಟ್ಟಿತು. ಅದರ ಫಲವಾಗಿ ಹನ್ನೊಂದು ವರ್ಷ ಅರ್ಜಿ ಬರೆಸಲು ನನ್ನ ಮೇಜಿಗೆ ಬರುತ್ತಿದ್ದ ನಾಗಮ್ಮಕ್ಕ ಬರುವುದನ್ನು ಬಿಟ್ಟಳು. ಇದನ್ನು ಆ ಡಬ್ಬಿಯ ಮೇಲಿನ ದೂರು ಎಂದುಕೊಂಡು ಓದಿದರೆ ನನ್ನ ಅಭ್ಯಂತರವಿಲ್ಲ. ನಾನೂ ಹಾಗೆ ಅಂದುಕೊಂಡೇ ಬರೆಯಲು ಕುಳಿತೆ.

ದೂರು ಬರೆಯುವುದು ನನ್ನ ಕಸುಬು. ಚಿತ್ತಾಪುರದ ತಹಸೀಲ್ ಕಚೇರಿಯ ಕಂಪೌಂಡ್ ಗೋಡೆಗೆ ಒರಗಿ, ಬೇವಿನ ಮರದ ಕೆಳಗೆ, ನಾಲ್ಕು ತಗಡಿನ ನೆರಳಿನಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಬೆಂಚು. ಇದೇ ನನ್ನ ಆಫೀಸು. ಸರ್ಕಾರಕ್ಕೆ ಏನಾದರೂ ಹೇಳಬೇಕು, ಹೇಳಲು ಬರುವುದಿಲ್ಲ ಎನ್ನುವವರೆಲ್ಲ ಇಲ್ಲಿಗೆ ಬರುತ್ತಾರೆ. ವಾಡಿಯಿಂದ ಬರುತ್ತಾರೆ, ಗುಂಡಗುರ್ತಿಯಿಂದ ಬರುತ್ತಾರೆ. ಕಾಳಗಿಯವರೂ ಬರುತ್ತಿದ್ದರು. ಅವರಿಗೆ ಬೇರೆ ತಾಲೂಕು ಆದ ಮೇಲೆ ಅಲ್ಲಿಯೂ ಒಂದು ಬೇವಿನ ಮರ, ಒಂದು ಮೇಜು ಆಗಿರಬೇಕು. ನನಗಿಂತ ಮೊದಲು ಇದೇ ಜಾಗದಲ್ಲಿ ನಮ್ಮಪ್ಪ ಕುಳಿತಿದ್ದರು. ಉರ್ದು ಕಲಿತ ಕಾಲದವರು. ಅರ್ಜಿಯನ್ನು ಬಲದಿಂದ ಎಡಕ್ಕೂ ಬರೆಯುತ್ತಿದ್ದರು, ಎಡದಿಂದ ಬಲಕ್ಕೂ ಬರೆಯುತ್ತಿದ್ದರು, ಸರ್ಕಾರ ಮಾತ್ರ ಎರಡನ್ನೂ ಒಂದೇ ಕಪಾಟಿನಲ್ಲಿ ಇಡುತ್ತಿತ್ತು. ಊರವರು ಅವರನ್ನು ಮುನ್ಶಿ ಎಂದು ಕರೆದರು. ಅವರು ಹೋದ ಮೇಲೆ ಆ ಹೆಸರು, ಆ ಮೇಜು, ಮೇಜಿನ ಮೇಲಿನ ಒಂದು ಕಲ್ಲು ನನ್ನ ಪಾಲಿಗೆ ಬಂದವು.

ಕಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ಅಂಗೈ ಅಗಲದ ಶಹಾಬಾದಿ ಫರ್ಸಿಯ ತುಂಡು. ನಮ್ಮ ಕಡೆ ಮನೆಯ ನೆಲ, ಕಟ್ಟೆ, ಬಚ್ಚಲು ಎಲ್ಲ ಅದೇ ಕಲ್ಲು. ಒಂದು ಮುಖ ನಯ, ಇನ್ನೊಂದು ಮುಖ ಒರಟು. ಕಾಗದ ಗಾಳಿಗೆ ಹಾರದಿರಲಿ ಎಂದು ಅಪ್ಪ ತಂದಿಟ್ಟದ್ದು, ಕ್ರಮೇಣ ಗಲ್ಲಾಪೆಟ್ಟಿಗೆಯಾಯಿತು. ಅಪ್ಪನಿಗೆ ದರ ಎನ್ನುವುದಿರಲಿಲ್ಲ. ಅರ್ಜಿ ಬರೆಸಿದವರು ಏಳುವಾಗ ಕಲ್ಲನ್ನು ಒಂಚೂರು ಎತ್ತಿ, ಕೈಯಲ್ಲಿದ್ದದ್ದನ್ನು ಕೆಳಗೆ ಸರಿಸಿ, ಕಲ್ಲು ಮುಟ್ಟಿದ ಕೈಯನ್ನು ಎದೆಗೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಎಷ್ಟು ಎಂದು ಅವರು ಹೇಳುವುದಿಲ್ಲ, ಇವರು ಕೇಳುವುದಿಲ್ಲ. ಕಚೇರಿ ಮುಚ್ಚುವ ಐದು ಗಂಟೆಯ ತನಕ ಕಲ್ಲನ್ನು ಪೂರ್ತಿ ಎತ್ತಬಾರದು, ಅದೊಂದೇ ನಿಯಮ. ಐದಕ್ಕೆ ಎತ್ತಿದಾಗ ಅಲ್ಲಿರುವುದು ದಿನದ ರೊಕ್ಕ. ಅದರಲ್ಲಿ ಯಾರದು ಎಷ್ಟು, ಯಾರದು ಇಲ್ಲವೇ ಇಲ್ಲ ಎಂಬುದು ಬರೆದವನಿಗೂ ಗೊತ್ತಾಗುವಂತಿಲ್ಲ.

“ಗೊತ್ತಾದ್ರ ಕೈ ಸೊಟ್ಟ ಬರೀತದೋ ತಮ್ಮಾ” ಎಂದು ಅಪ್ಪ ಒಮ್ಮೆ ಹೇಳಿದ್ದರು. ನಾನಾಗ ಅದನ್ನು ಮುದುಕರ ಮಾತು ಎಂದುಕೊಂಡೆ. ಆಮೇಲೆ ಅದೇ ಮಾತನ್ನು ನನ್ನದೇ ಎಂಬಂತೆ ಬೆಂಚಿನ ಮೇಲೆ ಕುಳಿತವರಿಗೆಲ್ಲ ಹೇಳುತ್ತ ಬಂದೆ. ಹೇಳುವಾಗ ಕಲ್ಲಿನ ಮೇಲೆ ಕೈಯಿಟ್ಟು, ದೃಷ್ಟಿಯನ್ನು ಕೊಂಚ ದೂರಕ್ಕೆ ಕಳಿಸಿ, ಬಹಳ ದೊಡ್ಡವನಂತೆ ಕಾಣಿಸುತ್ತಿದ್ದೆ ಎಂದು ನನ್ನ ಅಂದಾಜು.

ನಾಗಮ್ಮಕ್ಕ ವಾಡಿಯ ಆಚೆಯ ಒಂದು ವಸ್ತಿಯವಳು. ಗಂಡ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ದಮ್ಮು ಹತ್ತಿ ತೀರಿಕೊಂಡ. ಇವಳು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಬೂದಿಯಂಥ ಕಲ್ಲುಪುಡಿ ಬಳಿದು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ವಿಧವಾ ವೇತನಕ್ಕೆ ಮೊದಲ ಅರ್ಜಿ ಬರೆದವನು ನಾನು. ಮಂಜೂರಾಯಿತು, ನಿಂತಿತು, ಮತ್ತೆ ಬಂತು. ಬ್ಯಾಂಕುಗಳು ಒಂದರೊಳಗೊಂದು ಸೇರಿ ಖಾತೆಯ ನಂಬರು ಬದಲಾಗಿ ಮತ್ತೆ ನಿಂತಿತು. ಪ್ರತಿ ಸಲವೂ ಒಂದು ಅರ್ಜಿ, ಅರ್ಜಿಗೊಂದು ನೆನಪೋಲೆ, ನೆನಪೋಲೆಗೊಂದು ನೆನಪೋಲೆ. ಪ್ರತಿ ಸಲವೂ ಅವಳು ಏಳುವಾಗ ಕಲ್ಲಿನ ಅಂಚು ಎತ್ತಿ, ಮುಚ್ಚಿದ ಮುಷ್ಟಿಯನ್ನು ಅಡಿಗೆ ಹಾಕಿ, ಕೈ ಎದೆಗೆ ಮುಟ್ಟಿಸಿಕೊಂಡು ಹೋಗುತ್ತಿದ್ದಳು.

ಒಂದು ಸಲ ಊರು ಬಂದ್ ಇತ್ತು. ಕಚೇರಿಯ ಅರ್ಧ ಬಾಗಿಲು ತೆರೆದಿತ್ತು, ಜನ ಇರಲಿಲ್ಲ. ಆ ದಿನ ನನ್ನ ಮೇಜಿಗೆ ಬಂದವಳು ನಾಗಮ್ಮಕ್ಕ ಒಬ್ಬಳೇ. ಸಂಜೆ ಐದಕ್ಕೆ ಕಲ್ಲೆತ್ತಿದರೆ ಕೆಳಗೆ ಮೇಜು ಮಾತ್ರ ಇತ್ತು. ಬಹಳ ಹೊತ್ತು ನೋಡಿದೆ. ಆಮೇಲೆ ಕಲ್ಲನ್ನು ಮೆಲ್ಲಗೆ ಇಟ್ಟು, ಇದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ನನ್ನ ಬಗ್ಗೆ ನನಗೇ ಬಂದ ಗೌರವವನ್ನು ಹೊತ್ತುಕೊಂಡು ಮನೆಗೆ ಹೋದೆ. ಹೆಂಡತಿಗೂ ಹೇಳಲಿಲ್ಲ. ಹೇಳದೇ ಇದ್ದದ್ದೂ ನನಗೆ ಒಂದು ಹೆಮ್ಮೆಯೇ ಆಗಿತ್ತು.

ಇಂಥ ಹೆಮ್ಮೆಗೆ ಧಕ್ಕೆ ಬಂದದ್ದು ನೋಟುಗಳು ಮಾಯವಾದಾಗ. ನಮ್ಮ ಕಡೆಯ ಜನ ಮೊದಲು ಚಿಲ್ಲರೆ ಇಟ್ಟುಕೊಳ್ಳುವುದನ್ನು ಬಿಟ್ಟರು, ಆಮೇಲೆ ಪಾಕೀಟನ್ನೇ ಬಿಟ್ಟರು. ಅರ್ಜಿ ಬರೆಸಿ, ಮೇಜಿನ ಆಚೆ ಈಚೆ ನೋಡಿ, “ಸ್ಕ್ಯಾನರ್ ಇಲ್ಲೇನ್ರಿ ಮುನ್ಶೀರ?” ಎಂದು ಕೇಳುತ್ತಿದ್ದರು. ಸ್ಕ್ಯಾನರ್ ಎಂದರೆ ಕಪ್ಪು ಚುಕ್ಕೆಗಳ ಆ ಚೌಕ, ಅದರ ಫೋಟೋ ತೆಗೆದರೆ ಹಣ ಹೋಗುತ್ತದೆ ಎಂದು ನಿಮಗೂ ಗೊತ್ತಲ್ಲ. ಇಲ್ಲ ಎಂದರೆ ಕೆಲವರು ಎದುರಿನ ಚಹಾ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಅವನಿಂದ ನೋಟು ಇಸಿದುಕೊಂಡು ಬಂದು ಕಲ್ಲಿನ ಅಡಿಗೆ ಇಡುತ್ತಿದ್ದರು. ಹೆಚ್ಚಿನವರು “ಮತ್ತ ಬಂದಾಗ ಕೊಡ್ತೀನ್ರಿ” ಎಂದು ಹೋದರು. ಅವರ ಕೆಲಸ ಆಗಿರಬೇಕು, ಮತ್ತೆ ಬರಲಿಲ್ಲ. ಹೆಂಡತಿ ಒಂದು ದಿನ ಹಿಟ್ಟಿನ ಡಬ್ಬದ ತಳ ತೋರಿಸುತ್ತ ಹೇಳಿದಳು:

“ನಿಮ್ಮ ಕಲ್ಲಿನ ಕೆಳಗ ಈಗ ಇರಿವಿ ಸುದ್ದಾ ಸಿಗವಲ್ದು. ಜಗತ್ತೆಲ್ಲಾ ಫೋನಿನಾಗ ಕೊಡಾಕತ್ತದ. ನೀವೊಬ್ರೇ ಕಲ್ಲು ಇಟ್ಕೊಂಡು ಕುಂತೀರಿ.”

ಹೀಗೆ ನಾನು ಕಂಪನಿ ಆರಿಸುವ ಗ್ರಾಹಕನಾದೆ. ವಧು ನೋಡಲು ಹೊರಟ ಕಾಲದಲ್ಲೂ ನನ್ನನ್ನು ಇಷ್ಟು ಜನ ವಿಚಾರಿಸಿರಲಿಲ್ಲ. ಒಂದೇ ವಾರದಲ್ಲಿ ಮೂವರು ಬಂದರು. ಮೊದಲನೆಯವರು ಕಲಬುರಗಿಯಿಂದ ಬಂದ ನಡುವಯಸ್ಸಿನ ಮನುಷ್ಯ. ಕಾರ್ಡು ಉಜ್ಜುವ ಯಂತ್ರ ತೋರಿಸಿ, ಇದರಲ್ಲಿ ವಿದೇಶದ ಕಾರ್ಡೂ ನಡೆಯುತ್ತದೆ ಎಂದರು. ಗುಂಡಗುರ್ತಿಯಿಂದ ಪಹಣಿ ತಿದ್ದುಪಡಿಗೆ ಬಂದವನು ಡಾಲರ್ ಕೊಡುವ ದೃಶ್ಯವನ್ನು ನಾನು ಕಲ್ಪಿಸಿಕೊಳ್ಳುತ್ತಿರುವಾಗ ಅವರು ನೂರಕ್ಕೆ ಇಷ್ಟು ಎಂದು ಕಮಿಷನ್ ಹೇಳಿದರು. ನನ್ನ ಮುಖ ನೋಡಿ ಅವರೇ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡರು.

ಎರಡನೆಯವರು ಸೇಡಂದವರು, ದೂರದ ಬೀಗರೂ ಹೌದು. ಅವರದು ಎಲ್ಲ ಪುಕ್ಕಟೆ. ಬಾಡಿಗೆ ಇಲ್ಲ, ಕಮಿಷನ್ ಇಲ್ಲ, ಬರೀ ಅಂಟಿಸುವ ಕಾಗದ. ಡಬ್ಬಿ ಗಿಬ್ಬಿ ಇಲ್ಲ. ಹಣ ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದರೆ, “ಫೋನಿಗೆ ಮೆಸೇಜ್ ಬರ್ತದಲ್ರಿ, ಬೇಕಾದಾಗ ನೋಡ್ಕೋರಿ” ಎಂದರು. ಈಗ ಕುಳಿತು ಯೋಚಿಸಿದರೆ ಅದು ಅಪ್ಪನ ಕಲ್ಲಿಗೆ ಬಹಳ ಹತ್ತಿರದ ಏರ್ಪಾಡಾಗಿತ್ತು. ಫೋನನ್ನು ಜೇಬಿನಲ್ಲಿಟ್ಟು ಐದಕ್ಕೆ ತೆಗೆದು ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪುಕ್ಕಟೆ ಕೊಡುವವರನ್ನು, ಅದರಲ್ಲೂ ಬೀಗರನ್ನು, ಯಾರು ನಂಬುತ್ತಾರೆ? ವಿಚಾರ ಮಾಡಿ ಹೇಳುತ್ತೇನೆ ಎಂದು ಚಹಾ ಕುಡಿಸಿ ಕಳಿಸಿದೆ.

ಮೂರನೆಯವಳು ಶಹಾಬಾದದ ಒಬ್ಬ ಹೆಣ್ಣುಮಗಳು. ಸ್ಕೂಟಿಯ ಡಿಕ್ಕಿಯಿಂದ ಒಂದು ಪುಟ್ಟ ಡಬ್ಬಿ ತೆಗೆದು ನನ್ನ ಕಲ್ಲಿನ ಪಕ್ಕದಲ್ಲಿಟ್ಟು, ತನ್ನದೇ ಫೋನಿನಿಂದ ಒಂದು ರೂಪಾಯಿ ಹಾಕಿದಳು. ಡಬ್ಬಿ ಮಾತಾಡಿತು: “ಒಂದು ರೂಪಾಯಿ ಸ್ವೀಕರಿಸಲಾಗಿದೆ. ಧನ್ಯವಾದಗಳು.” ನನಗೆ ರೋಮಾಂಚನವಾಯಿತು. ನಲವತ್ತು ವರ್ಷ ‘ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬರೆದವನು ನಾನು. ಇಷ್ಟು ಶುದ್ಧವಾಗಿ ಒಬ್ಬರಾದರೂ ಸರ್ಕಾರಿ ನೌಕರರು ನನಗೆ ಉತ್ತರ ಕೊಟ್ಟದ್ದಿಲ್ಲ. ನಾನು ಬರೆದ ಭಾಷೆಗೆ ಕೊನೆಗೂ ಒಂದು ಬಾಯಿ ಸಿಕ್ಕಿತು ಅನ್ನಿಸಿತು. ಇನ್ನೊಮ್ಮೆ, ಮತ್ತೊಮ್ಮೆ ಹಾಕಿ ತೋರಿಸಮ್ಮ ಎಂದೆ. ಅವಳು ಪಾಪ ಮೂರು ರೂಪಾಯಿ ಕಳೆದುಕೊಂಡಳು.

ಆಮೇಲೆ ಫಾರಂ ತುಂಬುವ ಕೆಲಸ. ಊರಿನವರ ಫಾರಂಗಳನ್ನು ಕಣ್ಣುಮುಚ್ಚಿ ತುಂಬುವ ನಾನು ನನ್ನ ಫಾರಂ ಮುಂದೆ ಪೆಚ್ಚಾಗಿ ಕುಳಿತೆ. ವ್ಯಾಪಾರದ ಬಗೆ ಎಂಬಲ್ಲಿ ಕಿರಾಣಿ ಇತ್ತು, ಬಟ್ಟೆ ಇತ್ತು, ಖಾನಾವಳಿ ಇತ್ತು, ಅರ್ಜಿ ಇರಲಿಲ್ಲ. ‘ಇತರೆ’ ಎಂದು ಒತ್ತಿದಳು. ಅದಾದ ಮೇಲೆ ಕೇಳಿದಳು:

“ಸರ್, ಒಂದು ಸರ್ವಿಸ್‌ಗೆ ಸುಮಾರು ಎಷ್ಟು ತಗೋತೀರಿ? ರೇಟ್ ಹಾಕ್ಬೇಕ್ರಿ.”

“ರೇಟ್ ಇಲ್ಲಮ್ಮ. ತಿಳದಷ್ಟು ಕೊಡ್ತಾರ.”

“ಖಾಲಿ ಬಿಟ್ರ ಮುಂದ ಹೋಗಂಗಿಲ್ರಿ ಇದು.”

ಅವಳೇ ಐವತ್ತು ಎಂದು ಹಾಕಿಕೊಂಡಳು. ಹೀಗೆ ನನ್ನ ಅಪ್ಪ ಮತ್ತು ನಾನು ಸೇರಿ ಎರಡು ತಲೆಮಾರು ಹೇಳದೇ ಉಳಿಸಿಕೊಂಡ ದರವನ್ನು ಒಂದು ಹೆಣ್ಣುಮಗಳು ಬೆರಳ ತುದಿಯಲ್ಲಿ ಹೇಳಿ ಮುಗಿಸಿದಳು. ನನಗೇನೂ ಅನ್ನಿಸಲಿಲ್ಲ. ನಾನು ಡಬ್ಬಿಯ ಗುಂಗಿನಲ್ಲಿದ್ದೆ.

ಡಬ್ಬಿ ಬಂದ ಹೊಸತರಲ್ಲಿ ನಾನದನ್ನು ಸಮರ್ಥಿಸಿಕೊಳ್ಳಲು ಇತಿಹಾಸದ ಮೊರೆ ಹೋದದ್ದೂ ಉಂಟು. ಮಳಖೇಡ ನಮ್ಮ ಮಗ್ಗುಲಲ್ಲೇ ಇದೆ. ಈಗ ಸಿಮೆಂಟಿನ ಧೂಳು, ಕಾಗಿಣಾ ನದಿಯ ದಂಡೆಯ ಮುರುಕು ಕೋಟೆ, ಗೋಡೆಯ ಮೇಲೆ ಮೇಯುವ ಆಡುಗಳು. ಒಂದು ಕಾಲಕ್ಕೆ ದೊಡ್ಡ ಸಾಮ್ರಾಜ್ಯದ ರಾಜಧಾನಿ. ಆ ಕಾಲದ ಅರಸರು ದಾನ ಕೊಟ್ಟರೆ ಸುಮ್ಮನೆ ಕೊಡುತ್ತಿರಲಿಲ್ಲ. ಇಂಥವನು, ಇಂಥವರಿಗೆ, ಇಷ್ಟು ಭೂಮಿ ಎಂದು ಕಲ್ಲಿಗೆ ಕೆತ್ತಿಸಿ ಊರ ನಡುವೆ ನೆಡಿಸುತ್ತಿದ್ದರು. ಅಂದರೆ ಕೊಟ್ಟದ್ದನ್ನು ಕೂಗಿ ಹೇಳುವುದು ಈ ನೆಲದ ಹಳೆಯ ರೂಢಿ, ನನ್ನ ಡಬ್ಬಿ ಆ ಶಾಸನಗಳ ಮರಿಮಗಳು ಎಂದು ಚಹಾ ಅಂಗಡಿಯವನಿಗೆ ವಿವರಿಸಿದೆ. ಅವನು ಲೋಟ ತೊಳೆಯುತ್ತ, “ಹಂಗಾದ್ರ ನಿಮ್ಮಪ್ಪಾರ ಕಲ್ಲಿನ ಮ್ಯಾಲ ಯಾಕ ಏನೂ ಬರಸ್ಲಿಲ್ಲರಿ?” ಎಂದ. ಚಹಾ ಆರುತ್ತದೆ ಎಂದು ಹೇಳಿ ಮೇಜಿಗೆ ಬಂದುಬಿಟ್ಟೆ.

ಡಬ್ಬಿ ಮೊದಲ ವಾರದಲ್ಲೇ ನನ್ನ ಕಣ್ಣು ತೆರೆಸಿತು. ಬೇಡದ ಕಣ್ಣು. ನಮ್ಮಲ್ಲಿ ಒಬ್ಬ ಕಂತ್ರಾಟುದಾರರಿದ್ದಾರೆ. ಬಿಳಿ ಬಟ್ಟೆ, ಹಣೆಯ ತುಂಬ ವಿಭೂತಿ. ಕಲ್ಲಿನ ಕಾಲದಲ್ಲಿ ಅವರು ಏಳುವಾಗ ಕಲ್ಲಿನ ಅಂಚನ್ನು ಎರಡೂ ಕೈಯಿಂದ ಎತ್ತಿ ಇಡುತ್ತಿದ್ದ ರೀತಿಗೆ ಐನೂರರ ನೋಟು ಎಂದೇ ನನ್ನ ನಂಬಿಕೆ. ಡಬ್ಬಿ ಹೇಳಿತು: “ಹತ್ತು ರೂಪಾಯಿ ಸ್ವೀಕರಿಸಲಾಗಿದೆ.” ಅದೇ ದಿನ ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳು ನೂರು ಹಾಕಿದಳು. ನಾನು ಬೇಡವೆನ್ನುವಷ್ಟರಲ್ಲಿ ಡಬ್ಬಿ ಧನ್ಯವಾದ ಹೇಳಿ ಆಗಿತ್ತು.

ಇದು ಗೊತ್ತಾದ ಮೇಲೆ ಅಪ್ಪನ ಮಾತು ನಿಜವಾಗುತ್ತ ಬಂತು. ಕಂತ್ರಾಟುದಾರರ ಅರ್ಜಿಗಳು ಗಿಡ್ಡವಾದವು. ಕೊಡುವ ಕೈಗಳಿಗೆ ನನ್ನ ಅಕ್ಷರ ದುಂಡಗಾಯಿತು, ‘ದಯಾಪರರಾದ ತಾವು’ ಎಂಬಂಥ ಉಪಚಾರದ ಮಾತುಗಳು ಎರಡು ಹೆಚ್ಚು ಬಿದ್ದವು. ಬರೆದ ಅರ್ಜಿಯನ್ನು ಹಣ ಬರುವ ಮೊದಲು ಕೈಗೆ ಕೊಡದೆ ಮೇಜಿನ ಮೇಲೆಯೇ ಇಟ್ಟು, ಡಬ್ಬಿ ಮಾತಾಡಿದ ಮೇಲೆ ಮುಂದಕ್ಕೆ ಸರಿಸುವುದನ್ನು ಕಲಿತೆ. ಯಾರೂ ಕಲಿಸಲಿಲ್ಲ. ನನ್ನ ಕೈ ತಾನಾಗಿಯೇ ಕಲಿಯಿತು, ಕಲಿತದ್ದು ನನ್ನ ಗಮನಕ್ಕೂ ಬರಲಿಲ್ಲ. ಸಾಲಿನಲ್ಲಿ ನಿಂತವರಿಗೂ ರೂಢಿಯಾಯಿತು. ಡಬ್ಬಿ ಮಾತಾಡಿದರೆ ಮುಂದಿನವರು ಒಂದು ಹೆಜ್ಜೆ ಮುಂದೆ ಬರುತ್ತಿದ್ದರು.

ಕಲ್ಲು ಪಕ್ಕದಲ್ಲೇ ಇತ್ತು. ನೋಟು ತಂದವರು ಇಡಲಿ ಎಂದು ಬಿಟ್ಟಿದ್ದೆ. ಎರಡೂ ಇವೆ, ಯಾರಿಗೆ ಯಾವುದು ಬೇಕೋ ಅದು, ಎಂಥ ಉದಾರ ವ್ಯವಸ್ಥೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಒಂದು ಸೋಮವಾರ ನಾಗಮ್ಮಕ್ಕ ಬಂದಳು. ಐದು ತಿಂಗಳಿಂದ ವೇತನ ಬಂದಿಲ್ಲ, ಹೊಸ ಖಾತೆಯ ನಂಬರು ಸೇರಿಸಲು ಮತ್ತೊಂದು ಅರ್ಜಿ ಬೇಕೆಂದು ಒಳಗೆ ಹೇಳಿದ್ದಾರೆ. ಪಾಲಿಶ್ ಕಾರ್ಖಾನೆಯಲ್ಲಿ ಬಳಿಯುವ ಯಂತ್ರ ಬಂದು ಇವಳ ಕೆಲಸ ಹೋಗಿದೆ. ಸೊಸೆಗೆ ಹೆರಿಗೆ. ಆ ವೇತನ ಒಂದೇ ಈಗ ಅವಳ ಕೈಗೆ ಬರುವ ರೊಕ್ಕ. ಇದನ್ನೆಲ್ಲ ಅವಳು ಅಳುತ್ತ ಹೇಳಲಿಲ್ಲ, ಹವಾಮಾನ ಹೇಳುವಂತೆ ಹೇಳಿದಳು. ನಾನು ಬರೆದೆ. ಮನಸ್ಸಿಟ್ಟು ಬರೆದೆ ಎಂದೇ ನೆನಪು. ಬೆಂಚಿನ ಮೇಲೆ ಏಳೆಂಟು ಜನ ಇದ್ದರು.

ಬರೆದು ಮುಗಿಸಿ ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಅವಳು ಎದ್ದಳು. ಎಂದಿನಂತೆ ಕಲ್ಲಿನ ಅಂಚು ಎತ್ತಿ, ಮುಷ್ಟಿಯನ್ನು ಅಡಿಗೆ ಸರಿಸಿ, ಕೈಯನ್ನು ಎದೆಗೆ ಮುಟ್ಟಿಸಿಕೊಂಡಳು. ನಾನು ಡಬ್ಬಿಯ ಕಡೆ ನೋಡಿದೆ.

ಇಷ್ಟೇ. ನಾನು ಏನೂ ಅನ್ನಲಿಲ್ಲ, ಕೇಳಲಿಲ್ಲ, ಮುಖ ಸಿಂಡರಿಸಲಿಲ್ಲ. ಅರ್ಜಿ ಮುಂದಕ್ಕೆ ಸರಿಸುವ ಮೊದಲು ಡಬ್ಬಿ ಮಾತಾಡಲಿ ಎಂದು ಕಾಯುವುದು ಅಭ್ಯಾಸವಾಗಿತ್ತು, ಕಣ್ಣು ಅತ್ತ ಹೋಯಿತು, ಎರಡು ಉಸಿರಿನಷ್ಟು ಹೊತ್ತು ಅಲ್ಲೇ ನಿಂತಿತು. ನಾನು ನೋಡಿದೆನೆಂದು ಬೆಂಚಿನ ಮೇಲಿದ್ದವರೂ ನೋಡಿದರು. ಡಬ್ಬಿ ಸುಮ್ಮನಿತ್ತು. ಹಿಂದಿನಿಂದ ಯಾರೋ ಕೆಡುಕಿಲ್ಲದ ದನಿಯಲ್ಲೇ, “ಯಕ್ಕಾ, ಹೋಗಿಲ್ಲ ಕಾಣ್ತದ, ಇನ್ನೊಮ್ಮೆ ಮಾಡು” ಎಂದರು.

ನಾಗಮ್ಮಕ್ಕ ನನ್ನ ಮುಖ ನೋಡಿದಳು. ಹನ್ನೊಂದು ವರ್ಷದಲ್ಲಿ ಅವಳು ಏಳುವಾಗ ನನ್ನ ಮುಖ ನೋಡಿದ್ದು ಅದೇ ಮೊದಲು ಎಂದು ಆಗ ಹೊಳೆಯಿತು. “ಇಲ್ರಿ, ನಂದು ಕಲ್ಲಿಂದು” ಎಂದಷ್ಟೇ ಹೇಳಿ ಹೊರಟಳು. ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ಹೆಬ್ಬೆಟ್ಟನ್ನೂ ಒತ್ತಿರಲಿಲ್ಲ. ನಾನು “ಯಕ್ಕಾ, ಕಾಗದ!” ಎಂದು ಕೂಗುವಷ್ಟರಲ್ಲಿ ಮುಂದಿನವರು ಒಂದು ಹೆಜ್ಜೆ ಮುಂದೆ ಬಂದಿದ್ದರು.

ಮರುದಿನ ಬರುತ್ತಾಳೆ ಎಂದುಕೊಂಡೆ. ವಾರ ಕಳೆಯಿತು. ಅವಳ ಅರ್ಜಿಯನ್ನು ಕಲ್ಲಿನ ಕೆಳಗಿಟ್ಟು ಕಾದೆ. ವಾಡಿಯಿಂದ ಬಂದವರ ಹತ್ತಿರ ಹೇಳಿ ಕಳಿಸಿದೆ. ಹೇಳಿದ್ದೇವೆ ಎಂದರು. ನಾನೇ ಹೋಗಬೇಕಿತ್ತು. ಬಸ್ಸಿಗೆ ಅರ್ಧ ಗಂಟೆಯ ದಾರಿ. ಹೋಗಿ ಏನು ಹೇಳುವುದು? ಕಲ್ಲಿನ ಕೆಳಗೆ ನೀನು ಏನೂ ಇಡುವುದಿಲ್ಲವೆಂದು ನನಗೆ ಮೊದಲಿಂದ ಗೊತ್ತು, ಚಿಂತೆ ಮಾಡಬೇಡ ಎನ್ನುವುದೇ? ಬೇರೆಯವರ ಪರವಾಗಿ ಎಷ್ಟೋ ಕ್ಷಮಾಪಣೆ ಪತ್ರ ಬರೆದಿದ್ದೇನೆ, ನೌಕರಿ ಉಳಿಸಿಕೊಟ್ಟಿದ್ದೇನೆ. ನನ್ನದಕ್ಕೆ ಒಂದು ಸಾಲೂ ಹೊಳೆಯಲಿಲ್ಲ. ಹೇಡಿತನ ಎಂದರೆ ಇದೇ ಇರಬೇಕು, ನನಗಂತೂ ಬೇರೆ ಹೆಸರು ಗೊತ್ತಿಲ್ಲ.

ಸಿಟ್ಟನ್ನು ಡಬ್ಬಿಯ ಮೇಲೆ ತೀರಿಸಿಕೊಂಡೆ. ಬಾಯಿ ಮುಚ್ಚಿಸಿ, ಡ್ರಾಯರಿನಲ್ಲಿ ಹಾಕಿ, ಚುಕ್ಕೆಯ ಚೌಕವನ್ನಷ್ಟೇ ಮೇಜಿಗೆ ಅಂಟಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಜನ ಹಣ ಹಾಕಿದ ಮೇಲೆ ಫೋನನ್ನು ತಿರುಗಿಸಿ ನನ್ನ ಮೂಗಿನ ಮುಂದೆ ಹಿಡಿದು, “ಹೋಗ್ಯಾವ ನೋಡ್ರಿ” ಎನ್ನತೊಡಗಿದರು. ನೋಡುವುದಿಲ್ಲ ಎಂದರೂ ಬಿಡಲೊಲ್ಲರು. ಕೊಟ್ಟದ್ದನ್ನು ತೋರಿಸದೆ ಎದ್ದು ಹೋದರೆ ಕಳ್ಳರಂತೆ ಕಾಣುತ್ತೇವೆಂಬ ಹೆದರಿಕೆ ಎಲ್ಲರಿಗೂ ಹತ್ತಿಬಿಟ್ಟಿತ್ತು. ಹದಿನೈದು ದಿನ ನೂರಾರು ಫೋನುಗಳ ಮುಖ ನೋಡಿ ಸಾಕಾಗಿ, ಕಣ್ಣಿಗಿಂತ ಕಿವಿಯೇ ವಾಸಿ ಎಂದು ಡಬ್ಬಿಯನ್ನು ಮತ್ತೆ ಹೊರಗಿಟ್ಟೆ.

ಅದಾಗಿ ತಿಂಗಳೊಂದು ಕಳೆದಿತ್ತು. ಬೆಳಗಿನ ಹನ್ನೊಂದರ ಹೊತ್ತು, ಬೆಂಚು ತುಂಬಿತ್ತು. ನಾಗಮ್ಮಕ್ಕ ಬಂದಳು. ಜೊತೆಗೆ ಫೋನು ಹಿಡಿದ ಒಬ್ಬ ಹೆಂಗಸು, ನೆರೆಮನೆಯವಳಂತೆ. ನನಗಾದ ಸಂತೋಷ ಹೇಳತೀರದು. ಕುರ್ಚಿ ಒರೆಸಿ, “ಬಾ ಯಕ್ಕಾ, ಕುಂದ್ರು” ಎಂದೆ. ಅವಳು ಕುಳಿತುಕೊಳ್ಳಲಿಲ್ಲ. ನೆರೆಯವಳಿಗೆ ಮೇಜಿನ ಮೇಲಿನ ಚೌಕ ತೋರಿಸಿ, “ಹಾಕವ್ವಾ” ಎಂದಳು. ಡಬ್ಬಿ ಮಾತಾಡಿತು:

“ಐವತ್ತು ರೂಪಾಯಿ ಸ್ವೀಕರಿಸಲಾಗಿದೆ. ಧನ್ಯವಾದಗಳು.”

“ಈಗ ಹೋಯ್ತಲ್ರಿ?” ಎಂದು ನಾಗಮ್ಮಕ್ಕ ಕೇಳಿದಳು.

ನಾನು ಗಡಿಬಿಡಿಯಿಂದ ಕಲ್ಲಿನ ಅಂಚೆತ್ತಿ ಅವಳ ಅರ್ಜಿ ತೆಗೆದೆ. “ಯಕ್ಕಾ, ನಿನ್ನ ಕಾಗದ ತಯಾರ್ ಅದ. ಹೆಬ್ಬಟ್ಟು ಒಂದು ಒತ್ತು, ನಾನೇ ಒಳಗ ಕೊಟ್ಟು ಬರ್ತೀನಿ. ಈ ರೊಕ್ಕ ಯಾಕ ಬೇಕಿತ್ತು?”

“ಅದು ಆಗೇದ್ರಿ. ಶಹಾಬಾದದಾಗ ಆನ್‌ಲೈನ್ ಅಂಗಡ್ಯಾಗ ಮಾಡಿಸ್ದೆ. ಬೋರ್ಡಿನ ಮ್ಯಾಲ ರೇಟ್ ಬರದಾರ. ನೂರಾ ಇಪ್ಪತ್ತು. ಕೊಟ್ಟೆ, ಬಂದೆ. ರೊಕ್ಕ ಬರಾಕತ್ಯಾವ.”

“ನೂರಾ ಇಪ್ಪತ್ತು! ಯಕ್ಕಾ, ನಾ ನಿನ್ನ ಕಡಿಂದ ಯಾವಾಗರ ಕೇಳೀನೇನು? ಹನ್ನೊಂದು ವರ್ಷ...”

ಅಲ್ಲಿಗೆ ನಾನು ನಿಲ್ಲಿಸಿದೆ. ನಿಲ್ಲಿಸಿದ್ದು ತಡವಾಗಿತ್ತು. ಬೆಂಚಿನವರು ಕೇಳಿಸಿಕೊಳ್ಳುತ್ತಿದ್ದರು. ನಾಗಮ್ಮಕ್ಕ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ನೀವ್ ಕೇಳ್ಲಿಲ್ರಿ ಅಣ್ಣಾರ, ಖರೇ ಅದ. ನಿಮ್ಮ ಋಣ ಭಾಳ ಅದ. ಆದ್ರ ಒಂದು ಮಾತು ಹೇಳ್ಲಿ? ಆ ಕಲ್ಲಿನ ಕೆಳಗ ಖಾಲಿ ಕೈ ಹಾಕೂ ಮುಂದ ಪ್ರತಿ ಸಲ ಅಂಜಿಕಿ ಬರ್ತಿತ್ತು. ಯಾರರ ನೋಡ್ಯಾರು, ನಿಮಗರ ಗೊತ್ತಾದೀತು ಅಂತ. ಹಿಂದಿನ ರಾತ್ರಿ ನಿದ್ದಿ ಬರ್ತಿದ್ದಿಲ್ಲ. ಇಷ್ಟು ಅಂತ ಒಂದು ಸಲ ಹೇಳಿದ್ರ, ಕೂಡ್ಸಿ ತರ್ತಿದ್ದೆ. ಇಲ್ಲಂದ್ರ, ನನ್ನ ಕಡೆ ಇಲ್ಲ ಅಂತಿದ್ದೆ.”

ಕೈಯನ್ನು ಎದೆಗೆ ಮುಟ್ಟಿಸಿಕೊಳ್ಳಲಿಲ್ಲ. “ಬರ್ತೀನ್ರಿ” ಎಂದು ಹೇಳಿ ನೆರೆಯವಳೊಂದಿಗೆ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಅವಳಿಗೆ ಆ ದಿನ ಚಿತ್ತಾಪುರದಲ್ಲಿ ಬೇರೆ ಕೆಲಸ ಇರಲಿಲ್ಲ ಎಂದು ಆಮೇಲೆ ವಾಡಿಯವರು ಹೇಳಿದರು. ಬಸ್ಸಿನಲ್ಲಿ ಬಂದದ್ದು, ಡಬ್ಬಿಯ ಬಾಯಿಂದ ಅಷ್ಟು ಹೇಳಿಸಿ ಹೋಗಲು.

ಆ ಐವತ್ತನ್ನು ವಾಪಸು ಕಳಿಸಬೇಕೆಂದು ಬಹಳ ಒದ್ದಾಡಿದೆ, ಕಳಿಸಲು ಧೈರ್ಯ ಬರಲಿಲ್ಲ. ಆ ದಿನ ಒಬ್ಬರೂ ಐವತ್ತಕ್ಕೆ ಸರಿಯಾಗಿ ಕೊಟ್ಟವರಿರಲಿಲ್ಲ, ಅವಳೊಬ್ಬಳೇ. ಫಾರಂ ತುಂಬುವಾಗ ಶಹಾಬಾದದ ಹೆಣ್ಣುಮಗಳು ತನ್ನಷ್ಟಕ್ಕೆ ಹಾಕಿದ ದರವೂ ಅದೇ. ಚೌಕದ ಕೆಳಗೆ ಅದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರೆಂದು ಆಗ ನೋಡಿದೆ. ಇಷ್ಟು ದಿನ ನನಗೆ ಕಂಡಿರಲಿಲ್ಲ. ನಾಗಮ್ಮಕ್ಕನಿಗೆ ಓದಲು ಬರುವುದಿಲ್ಲ, ಯಾರಿಂದಲೋ ಓದಿಸಿಕೊಂಡಿರಬೇಕು.

ಅಪ್ಪನ ಕಲ್ಲು ದೊಡ್ಡದೋ ಕಂಪನಿಯ ಡಬ್ಬಿ ಸಣ್ಣದೋ ಎಂದು ನಾನೀಗ ಯಾರಿಗೂ ಉಪದೇಶ ಮಾಡುವುದಿಲ್ಲ. ಕಲ್ಲಿನ ಗುಟ್ಟು ನನಗೆ ಗೊತ್ತಿದೆ, ಅವಳಿಗೆ ಗೊತ್ತಿಲ್ಲ ಎಂದುಕೊಂಡು ಹನ್ನೊಂದು ವರ್ಷ ಸುಖವಾಗಿದ್ದೆ. ನಿದ್ದೆ ಕೆಟ್ಟದ್ದು ಅವಳದು, ದೊಡ್ಡತನ ಬಂದದ್ದು ನನಗೆ. ಅಪ್ಪನಿಗೂ ಇಂಥ ಒಬ್ಬ ನಾಗಮ್ಮಕ್ಕ ಇದ್ದಳೇ, ಇದ್ದರೆ ಅವರು ಕಣ್ಣನ್ನು ಎಲ್ಲಿ ಇಟ್ಟುಕೊಳ್ಳುತ್ತಿದ್ದರು ಎಂದು ಕೇಳಲು ಅವರಿಲ್ಲ. ಗೋಡೆಗೆ ಒಂದು ಬೋರ್ಡು ಹಾಕಿದ್ದೇನೆ. ಅರ್ಜಿಗೆ ಐವತ್ತು ಎಂದು ಬರೆದಿದ್ದೇನೆ. ವೇತನದ ಅರ್ಜಿಗಳಿಗೆ ಏನು ಬರೆಯಬೇಕೆಂದು ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ, ಬಂದವರು ಅದನ್ನೇ ಬೊಟ್ಟು ಮಾಡಿ ಕೇಳುತ್ತಾರೆ. ಹೆಬ್ಬೆಟ್ಟಿಲ್ಲದ ಅರ್ಜಿ ಕಲ್ಲಿನ ಕೆಳಗೇ ಇದೆ.

ಮೊನ್ನೆ ಮಧ್ಯಾಹ್ನ ಕಂಪನಿಯಿಂದ ಫೋನು ಬಂತು. ಡಬ್ಬಿಯಷ್ಟೇ ಸ್ವಚ್ಛವಾದ ಕನ್ನಡದ ಒಬ್ಬ ಹೆಣ್ಣುಮಗಳು. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ಡಬ್ಬಿಯ ಮೇಲೆ ಬರೆಯಬೇಕೆಂದಿದ್ದ ದೂರು ನೆನಪಾಯಿತು. ಎಷ್ಟು ಹುಡುಕಿದರೂ ಅದರ ತಪ್ಪು ಒಂದೂ ಸಿಗಲಿಲ್ಲ.

“ಡಬ್ಬಿಗೆ ಹತ್ತು ಹಾಕಮ್ಮ” ಎಂದೆ. “ಅದರ ಮುಂದ ಕುಂತಾಂವಗ ಒಂದು ಸೊನ್ನಿ ಹಾಕು.”

ಆಚೆ ಕಡೆ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು.

“ಕ್ಷಮಿಸಿ ಸರ್” ಎಂದಳು, “ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.”